ಮಹಡಿ ಹತ್ತಿದ್ದು ಯಾರಿಗಾಗಿ

ಕಲ್ಯಾಣದುರ್ಗ
11-6-1950

ಮಗಳು ಸರ್ವಮಂಗಳೆಗೆ ಅಪ್ಪನ ಆಶೀರ್ವಾದ.

ನಾನೂ ನಿನ್ನ ಅವ್ವನೂ ಕ್ಷೇಮ. ಇಲ್ಲಿ ಒಂದು ಹದ ಮಳೆ ಬಿದ್ದಿದೆ. ಕಡಲೆಕಾಯಿ ಬೀಜಕ್ಕೆ ಜನ ಅಂಗಡಿಯ ಮುಂದೆ ನಿಂತಿದ್ದಾರೆ. ನನಗೆ ಮಾತ್ರ ತಕ್ಕಡಿ ಹಿಡಿಯುವ ಮನಸ್ಸಿಲ್ಲ. ಕಾರಣ ಹೇಳುತ್ತೇನೆ.

ದನದ ದಲ್ಲಾಳಿ ಓಬುಳಪತಿ ನಿಮ್ಮೂರ ಸಂತೆಗೆ ಹೋಗಿ ಬಂದ. ನನ್ನ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತ, "ಸಾವ್ಕಾರ್ರೇ, ನಿಮ್ಮ ಮಗಳನ್ನ ಕಂಡೆ. ಸ್ಟೇಷನ್ ರಸ್ತೇಲಿ ಸೈಕಲ್ ಅಂಗಡಿ ಮ್ಯಾಲೆ ಪಿಚ್ಚೋಳ್ಳ ಸಂಘಂ ಅಂತ ಐತಲ್ಲ, ಅದರ ಮೆಟ್ಲು ಹತ್ತುತಿದ್ರು. ಸೆರಗು ಮಕದ್ಮ್ಯಾಲೆ ಎಳ್ಕಂಡಿದ್ರು. ನಾ ಮಾತಾಡಿಸ್ನಿಲ್ಲ ಕಣಪ್ಪ" ಎಂದ. ಮಾತಾಡಿಸದವನು ಇಷ್ಟು ದೂರ ಬಂದು ನನಗೆ ಹೇಳಿದ. ಇನ್ನು ಯಾರು ಯಾರಿಗೆ ಹೇಳಿದ್ದಾನೋ.

ಹುಚ್ಚರ ಸಂಘಕ್ಕೆ ನಿನಗೇನು ಕೆಲಸ? ಯಾರು ಕಳಿಸುತ್ತಾರೆ? ಭ್ರಮರಾಂಬ ಹುಟ್ಟಿದಾಗ ನೀನು ಕೆಲವು ಕಾಲ ಅತ್ತುಕೊಂಡು, ಮಗುವನ್ನು ಮುಟ್ಟದೆ ಕೂತಿದ್ದೆ ಎಂದು ನಿನ್ನ ಗಂಡನ ಅಣ್ಣ ಅಮರೇಶಪ್ಪ ಆಗಲೇ ಊರೆಲ್ಲ ಆಡಿದ್ದರು. ಅದನ್ನು ನಾನು ಮರೆತಿಲ್ಲ.

ಈಗ ಹೊಸ ಕಾಯಿದೆ ಬಂದಿದೆ. ಹೆಂಡತಿ ಇರುವಾಗ ಮತ್ತೊಬ್ಬಳನ್ನು ಕಟ್ಟಿಕೊಳ್ಳುವಂತಿಲ್ಲ. ಆದರೆ ಹೆಂಡತಿಗೆ ವಾಸಿಯಾಗದ ಹುಚ್ಚು ಎಂದು ಕೋರ್ಟಿನಲ್ಲಿ ತೋರಿಸಿದರೆ ಬಿಡುಗಡೆ ಕೊಡುತ್ತಾರಂತೆ. ವಕೀಲರನ್ನು ಕೇಳಿ ತಿಳಿದುಕೊಂಡಿದ್ದೇನೆ. ಹಾಗೆ ತೋರಿಸಬೇಕಾದರೆ ಮೊದಲು ಏನು ಮಾಡಬೇಕು? ನಿನ್ನನ್ನು ಅಂಥ ಮೆಟ್ಟಿಲು ಹತ್ತಿಸಬೇಕು. ನಾಲ್ಕು ಜನ ನೋಡಬೇಕು.

ಯಾವ ಕಾಗದಕ್ಕೂ ರುಜು ಹಾಕಬೇಡ. ಇದ್ದದ್ದನ್ನು ಇದ್ದ ಹಾಗೆ ಬರೆ.

ನಿನ್ನ ಅಪ್ಪ,
ತಿಪ್ಪೇರುದ್ರಪ್ಪ


ಹಿಂದೂಪುರ
19-6-1950

ಅಪ್ಪನವರ ಪಾದಗಳಿಗೆ ಸರ್ವಮಂಗಳೆಯ ನಮಸ್ಕಾರ.

ನಿಮ್ಮ ಕಾಗದ ಬಂತು. ನೀವು ಹೆದರುವಂಥದ್ದು ಏನೂ ಇಲ್ಲ. ಅದರ ಹೆಸರು ಹುಚ್ಚರ ಸಂಘ ಅಲ್ಲ, ಮನೋಹಿತ ಸಂಘ. ಅಲ್ಲಿ ವಾರಕ್ಕೊಮ್ಮೆ ಭಾಷಣ ಇರುತ್ತದೆ. ಮನಸ್ಸಿನ ಕಾಯಿಲೆ ಎಂದರೇನು, ಮನೆಯವರು ಹೇಗಿರಬೇಕು, ಇಂಥವೇ ಮಾತುಗಳು. ಹೆಂಗಸರೂ ಹೋಗುತ್ತಾರೆ. ಕಾರ್ಯದರ್ಶಿಯೂ ಹೆಂಗಸೇ, ಶಿವಲಕ್ಷ್ಮಮ್ಮ ಎಂದು. ಹೊಲ ಮನೆ ಇರುವ ಕುಟುಂಬದವರು. ಹಳ್ಳಿಗಳಲ್ಲಿ ತೋರಿಸುವ ಹಲಗೆಗಳಿಗೆ ದೊಡ್ಡ ಅಕ್ಷರ ಬರೆದುಕೊಡುವವರು ಬೇಕೆಂದರು, ಬರೆದುಕೊಟ್ಟೆ. ಅಷ್ಟೇ.

ಇವರು ಚೆನ್ನಾಗಿದ್ದಾರೆ. ಊಟ ನಿದ್ದೆ ಎಲ್ಲ ಚೆನ್ನಾಗಿದೆ. ಹುಣಸೆಹಣ್ಣಿನ ವ್ಯಾಪಾರವೂ ಚೆನ್ನಾಗಿದೆ.

ಈಗ ನೀವು ಬರುವ ತೊಂದರೆ ತೆಗೆದುಕೊಳ್ಳಬೇಡಿ. ಮನೆಗೆ ಸುಣ್ಣ ಹೊಡೆಸುತ್ತಿದ್ದೇವೆ. ಕೂರಲು ನಿಲ್ಲಲು ಜಾಗವಿಲ್ಲ.

ಅವ್ವನಿಗೆ ಭ್ರಮರಾಂಬ ಮುತ್ತು ಕೊಟ್ಟಿದ್ದಾಳೆ.

ನಿಮ್ಮ ಮಗಳು,
ಸರ್ವಮಂಗಳ


ಕಲ್ಯಾಣದುರ್ಗ
24-6-1950

ಮನೋಹಿತ ಸಂಘದ ಕಾರ್ಯದರ್ಶಿಯವರಿಗೆ,

ನಾನು ಇಲ್ಲಿನ ಬೀಜದ ವರ್ತಕ. ನನ್ನ ಮಗಳು ಸರ್ವಮಂಗಳ ನಿಮ್ಮ ಮಹಡಿಗೆ ಬರುತ್ತಾಳೆಂದು ಗೊತ್ತಾಗಿದೆ. ಅವಳನ್ನು ನಿಮ್ಮಲ್ಲಿಗೆ ಮೊದಲು ಕರೆತಂದವರು ಯಾರು? ಗಂಡನೋ, ಗಂಡನ ಅಣ್ಣನೋ? ಅವಳ ಹೆಸರನ್ನು ಯಾವ ಪುಸ್ತಕದಲ್ಲಿ ಏನೆಂದು ಬರೆದುಕೊಂಡಿದ್ದೀರಿ? ನಿಮ್ಮ ಸಂಘಕ್ಕೆ ಅನ್ನ ಹಾಕುವವರು ಯಾರು?

ಕೆಲಸವಿಲ್ಲದ ದೊಡ್ಡವರು ಬಡವರಿಗೆ ಬುದ್ಧಿ ಹೇಳುವುದನ್ನು ನೋಡಿದ್ದೇನೆ. ಸೌಖ್ಯವಾಗಿರುವವರ ಮನೆಗೆ ಹೋಗಿ ಕಾಯಿಲೆ ಹುಡುಕುವುದನ್ನು ಈಗ ಕೇಳುತ್ತಿದ್ದೇನೆ. ನನ್ನ ಮಗಳಿಗೆ ಹುಚ್ಚಿ ಎಂಬ ಹೆಸರು ನಿಮ್ಮಿಂದ ಬಂದರೆ ನಾನು ಸುಮ್ಮನೆ ಕೂರುವವನಲ್ಲ. ಮರುಟಪಾಲಿಗೆ ಉತ್ತರ ಬರಲಿ.

ತಿಪ್ಪೇರುದ್ರಪ್ಪ


ಹಿಂದೂಪುರ
3-7-1950

ತಿಪ್ಪೇರುದ್ರಪ್ಪನವರಿಗೆ ವಂದನೆಗಳು.

ನಿಮ್ಮ ಸಿಟ್ಟಿನ ಕಾಗದ ಓದಿದೆ. ಇಂಥ ಕಾಗದಗಳು ನಮಗೆ ಹೊಸದಲ್ಲ.

ಇಲ್ಲಿಗೆ ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಎಂದು ನಾವು ಯಾರಿಗೂ ಹೇಳುವುದಿಲ್ಲ. ಗಂಡನಿಗೂ ಇಲ್ಲ, ಅಣ್ಣನಿಗೂ ಇಲ್ಲ, ಹೆತ್ತ ತಂದೆಗೂ ಇಲ್ಲ. ಹೇಳುತ್ತೇವೆಂದು ತಿಳಿದರೆ ನಾಳೆ ಆ ಮೆಟ್ಟಿಲನ್ನು ಯಾರು ಹತ್ತುತ್ತಾರೆ? ನಾವು ಡಾಕ್ಟರರಲ್ಲ. ಯಾರನ್ನೂ ಹುಚ್ಚರೆಂದು ಬರೆಯುವ ಅಧಿಕಾರ ನಮಗಿಲ್ಲ, ಆಸೆಯೂ ಇಲ್ಲ.

ನಮಗೆ ಅನ್ನ ಹಾಕುವವರು ಯಾರೆಂದು ಕೇಳಿದ್ದೀರಿ. ನನ್ನ ಅನ್ನ ನನ್ನ ಹೊಲದ್ದು. ನನ್ನ ತಮ್ಮ ಪೋತಪ್ಪನನ್ನು ನಮ್ಮ ಮನೆಯವರೇ ದನದ ಕೊಟ್ಟಿಗೆಯಲ್ಲಿ ಸರಪಳಿ ಹಾಕಿ ಕಟ್ಟಿದ್ದರು. ಕೆಟ್ಟವರಾಗಿ ಕಟ್ಟಲಿಲ್ಲ, ಬೇರೆ ದಾರಿ ಗೊತ್ತಿಲ್ಲದೆ ಕಟ್ಟಿದರು. ಊಟ ಹಾಕುವವರೂ ದೂರದಿಂದ ತಟ್ಟೆ ತಳ್ಳುತ್ತಿದ್ದರು. ಬೆಂಗಳೂರಿನಲ್ಲಿ ಇದಕ್ಕೊಂದು ಆಸ್ಪತ್ರೆ ಇದೆ ಎಂದು ನಮಗೆ ತಿಳಿಯುವ ಹೊತ್ತಿಗೆ ಅವನ ಕಾಲಿನ ಗಾಯ ಕೊಳೆತು ಜೀವ ಹೋಗಿತ್ತು. ತಿಳಿದಿದ್ದರೆ ಬದುಕುತ್ತಿದ್ದ. ಆದ್ದರಿಂದ ಈಗ ಊರೂರಿಗೆ ಹೋಗಿ ತಿಳಿಸುತ್ತಿದ್ದೇನೆ. ಸರಪಳಿ ಬಿಚ್ಚಿಸಬೇಕಾದ ಕಡೆ ತಹಸೀಲ್ದಾರರವರೆಗೆ ಹೋಗಿ ಜಗಳವಾಡುತ್ತೇನೆ.

ಮುಂದಿನ ವಾರ ನಿಮ್ಮ ಹತ್ತಿರದ ಬೆಳುಗುಪ್ಪದಲ್ಲಿ ನಮ್ಮ ಸಭೆ ಇದೆ. ಬನ್ನಿ. ಅನುಮಾನವನ್ನು ಮುಖದ ಮುಂದೆ ಕೇಳಿ.

ಇತಿ,
ಶಿವಲಕ್ಷ್ಮಮ್ಮ


ಕಲ್ಯಾಣದುರ್ಗ
20-7-1950

ಸರ್ವಮಂಗಳೆಗೆ,

ಬೆಳುಗುಪ್ಪಕ್ಕೆ ಹೋಗಿದ್ದೆ. ನಿನ್ನ ಶಿವಲಕ್ಷ್ಮಮ್ಮನನ್ನು ನೋಡಿದೆ. ಚಾವಡಿಯ ಮುಂದಿನ ಹುಣಸೆಮರದ ನೆರಳಲ್ಲಿ ಜನ ಸೇರಿದ್ದರು. ನೀನು ಅಕ್ಷರ ಬರೆದುಕೊಟ್ಟ ಹಲಗೆಯನ್ನು ಮರಕ್ಕೆ ಒರಗಿಸಿದ್ದರು. ನಿನ್ನ 'ಳ'ಕಾರದ ಸುಳಿ ನನಗೆ ಗೊತ್ತಾಗದೆ ಇರುತ್ತದೆಯೆ? ನಾನು ಹಿಂದೆ ಕೂತೆ.

ಆಯಮ್ಮ ಒಂದು ಮಾತು ಕನ್ನಡದಲ್ಲಿ, ಒಂದು ಮಾತು ತೆಲುಗಿನಲ್ಲಿ ಹೇಳುತ್ತಾಳೆ. ಗಂಟಲು ದೊಡ್ಡದು. ಕೊಂಡಮ್ಮ ಎಂಬ ಮುದುಕಿ ಎದ್ದು, "ನನ್ನ ಸೊಸೆ ಒಬ್ಬಳೇ ನಗ್ತಾಳೆ, ಒಬ್ಬಳೇ ಮಾತಾಡ್ತಾಳೆ. ದಯ್ಯಂ ಪಟ್ಟಿಂದಿ ಅಂತಾರೆ. ದೆವ್ವ ಅಲ್ಲ ಅಂದ್ರೆ ಮತ್ತೇನಮ್ಮ?" ಎಂದಳು.

"ಕಾಯಿಲೆ ಕಣಮ್ಮ. ಹೊಟ್ಟೆಗೆ ಬರಾಕಿಲ್ವಾ? ಕಣ್ಣಿಗೆ ಬರಾಕಿಲ್ವಾ? ಹಂಗೇ ಮನಸಿಗೂ ಬತ್ತದೆ. ನಿನ್ನ ಸೊಸೆ ಹೆಸರೇನು?"

ಮುದುಕಿ, "ಹೆಸರು ಕರ್ದು ಭಾಳ ದಿನ ಆಯ್ತು" ಎಂದಳು. ಜನ ನಕ್ಕರು. ಆಯಮ್ಮ ನಗಲಿಲ್ಲ.

ಎಲ್ಲ ಮುಗಿದ ಮೇಲೆ ನಾನು ಹತ್ತಿರ ಹೋಗಿ, ನಾನು ಇಂಥವನು ಎಂದೆ. "ನನ್ನ ಮಗಳಿಗೆ ಏನಾಗೈತೆ? ಹೇಳ್ಬುಡಿ" ಎಂದು ಕೇಳಿದೆ. ಆಯಮ್ಮ, "ನಿಮ್ಮ ಮಗಳೇ ನಿಮಗೆ ಹೇಳೋ ದಿನ ಬತ್ತದೆ. ಆವತ್ತು ಕೋಪ ಮಾಡ್ಕಬ್ಯಾಡಿ" ಎಂದಳು.

ಇದರ ಅರ್ಥವೇನು? ಏನೂ ಇಲ್ಲದಿದ್ದರೆ ಏನೂ ಇಲ್ಲ ಎನ್ನಬಹುದಿತ್ತು. ಬಾಯಿ ಬಿಡದ ಜನ ಏನೋ ಬಚ್ಚಿಟ್ಟಿರುತ್ತಾರೆ. ನೀನೂ ಬಚ್ಚಿಡುತ್ತಿದ್ದೀಯೆ. ಒಂದು ಕಾಗದದಲ್ಲಿ ಅಷ್ಟು ಸಲ 'ಚೆನ್ನಾಗಿದೆ' ಎಂದು ಬರೆದರೆ ಯಾವ ತಂದೆ ನಂಬುತ್ತಾನೆ? ಸುಣ್ಣ ಹೊಡೆದದ್ದು ಇಷ್ಟರಲ್ಲಿ ಒಣಗಿರಬೇಕು. ನಾನು ಬಂದು ನಿನ್ನನ್ನೂ ಮಗುವನ್ನೂ ಕರೆದುಕೊಂಡು ಬರುತ್ತೇನೆ.

ಅಪ್ಪ


ಹಿಂದೂಪುರ
28-7-1950

ಪೂಜ್ಯ ಮಾವನವರ ಸನ್ನಿಧಿಗೆ ಮಲ್ಲಿಕಾರ್ಜುನಪ್ಪನ ನಮಸ್ಕಾರಗಳು.

ನೀವು ಇಲ್ಲಿಗೆ ಬರುವವರಿದ್ದೀರಿ ಎಂದು ತಿಳಿಯಿತು. ಬರುವ ಮೊದಲು ಕೆಲವು ವಿಷಯ ನಿಮಗೆ ಗೊತ್ತಿರಬೇಕು. ಈ ಕಾಗದವನ್ನು ನಾನೇ ಸ್ಟೇಷನ್ನಿಗೆ ಹೋಗಿ ರೈಲಿನ ಟಪಾಲು ಡಬ್ಬಿಗೆ ಹಾಕುತ್ತೇನೆ. ನಮ್ಮ ಬೀದಿಯ ಡಬ್ಬಿಯನ್ನು ತೆಗೆಯುವವನು ಸರಿಯಿಲ್ಲ.

ಓಬುಳಪತಿಯನ್ನು ಇಲ್ಲಿಗೆ ಕಳಿಸಿದವರು ಯಾರೆಂದು ನನಗೆ ಗೊತ್ತು. ನೀವಲ್ಲ. ನಿಮ್ಮ ಹೆಸರು ಹೇಳಿಕೊಂಡು ಬೇರೆಯವರು ಕಳಿಸಿದ್ದಾರೆ. ನಾನು ನಮ್ಮ ಹುಣಸೆಹಣ್ಣಿನ ಮಂಡಿಗೆ ಹೋದರೆ ಮಾತು ನಿಲ್ಲುತ್ತದೆ. ಬಂದ ಮೇಲೆ ಮತ್ತೆ ಶುರುವಾಗುತ್ತದೆ. ಹಮಾಲರು ಮೂಟೆ ಇಳಿಸುವಾಗ ಕೆಮ್ಮುತ್ತಾರೆ. ಒಬ್ಬ ಕೆಮ್ಮಿದರೆ ಆ ಕಡೆಯಿಂದ ಇನ್ನೊಬ್ಬ ಕೆಮ್ಮುತ್ತಾನೆ. ಹುಣಸೆಹಣ್ಣಿನ ಧೂಳಿಗೆ ಎನ್ನುತ್ತಾರೆ. ನಾನು ಹುಟ್ಟಿದಾಗಿನಿಂದ ಆ ಧೂಳಿನಲ್ಲೇ ಬೆಳೆದವನು. ನನಗೆ ಕೆಮ್ಮಿನ ವ್ಯತ್ಯಾಸ ತಿಳಿಯುವುದಿಲ್ಲವೆ?

ಹಿತ್ತಲ ಬಾವಿಗೆ ಹಲಗೆ ಹೊಡೆಸಿ ಬೀಗ ಹಾಕಿದ್ದೇನೆ. ನೀರಿಗೆ ಏನೋ ಸೇರುತ್ತಿದೆ. ಮನೆಯ ಅಡಿಗೆ ಬಿಟ್ಟಿದ್ದೇನೆ. ಸಿಪ್ಪೆ ಇರುವ ಹಣ್ಣು ಮಾತ್ರ ತಿನ್ನುತ್ತೇನೆ. ನಿಮ್ಮ ಮಗಳು ಕೆಟ್ಟವಳಲ್ಲ. ಆದರೆ ಅವಳು ಆ ಮಹಡಿಗೆ ಹೋಗಿ ಬಂದ ದಿನ ನನ್ನನ್ನು ಬೇರೆ ರೀತಿ ನೋಡುತ್ತಾಳೆ. ಯಾರೋ ಅವಳಿಗೆ ಹೇಳಿಕೊಡುತ್ತಿದ್ದಾರೆ.

ಅಣ್ಣನಿಗೆ ಹೇಳಿದೆ. ನಕ್ಕ. ನೀವು ನಗುವವರಲ್ಲ. ನೀವು ಯಾರು ಏನು ಹೇಳಿದರೂ ಸುಮ್ಮನೆ ನಂಬುವವರಲ್ಲ ಎಂದು ನನಗೆ ಮದುವೆಯ ದಿನವೇ ಗೊತ್ತಾಗಿತ್ತು. ಅದಕ್ಕಾಗಿ ನಿಮಗೊಬ್ಬರಿಗೆ ಬರೆದಿದ್ದೇನೆ.

ಓದಿದ ಮೇಲೆ ಸುಟ್ಟುಬಿಡಿ.

ನಿಮ್ಮ ಅಳಿಯ,
ಮಲ್ಲಿಕಾರ್ಜುನಪ್ಪ


ಕಲ್ಯಾಣದುರ್ಗ
1-8-1950

ಮಗಳೇ,

ಮಲ್ಲಿಕಾರ್ಜುನನ ಕಾಗದ ಬಂತು. ನಿನ್ನ ಅವ್ವನಿಗೆ ತೋರಿಸಿಲ್ಲ.

ನೀನು ಮೆಟ್ಟಿಲು ಹತ್ತಿದ್ದು ನಿನಗಾಗಿ ಅಲ್ಲ. ಅಲ್ಲವೆ?

ಇಷ್ಟು ದಿನ ನಾನು ತಪ್ಪು ಬಾಗಿಲಲ್ಲಿ ಕಾವಲು ಕೂತಿದ್ದೆ. ನೀನು ಅಂಥ ಮನೆಯಲ್ಲಿ ಒಂದು ದಿನವೂ ಇರಬಾರದು. ಇವತ್ತು ನೀರನ್ನು ಅನುಮಾನಿಸಿದವನು ನಾಳೆ ನೀರು ತಂದವಳನ್ನು ಅನುಮಾನಿಸುತ್ತಾನೆ. ಮಗುವಿದೆ.

ವಕೀಲರ ಹತ್ತಿರ ಮತ್ತೆ ಹೋಗಿದ್ದೆ. ಹೆಸರು ಹೇಳದೆ ಕೇಳಿದೆ. ಆ ಕಾಯಿದೆ ಗಂಡಸಿಗೆ ಮಾತ್ರ ಅಲ್ಲವಂತೆ. ಗಂಡನಿಗೆ ಹುಚ್ಚಾದರೆ ಹೆಂಡತಿಯೂ ಬಿಡುಗಡೆ ಕೇಳಬಹುದಂತೆ. ತಡವಾಗುತ್ತದೆ, ಆದರೆ ಆಗುತ್ತದೆ ಎಂದರು. ಈಗ ನೀನು ಮಗುವನ್ನು ಕರೆದುಕೊಂಡು ಬಂದುಬಿಡು. ಅವ್ವನಿಗೆ ಮೈ ಸರಿಯಿಲ್ಲ ಎಂದು ಹೇಳಿ ಹೊರಡು. ಉಳಿದದ್ದು ನನಗೆ ಬಿಡು.

ಅಪ್ಪ


ಹಿಂದೂಪುರ
6-8-1950

ಅಪ್ಪಾ,

ಈ ಕಾಗದ ಉದ್ದವಾಗುತ್ತದೆ. ಕೂತು ಓದಿ.

ಇವರಿಗೆ ಯುಗಾದಿ ಕಳೆದ ಮೇಲೆ ಶುರುವಾಯಿತು. ಮೊದಲು ನಿದ್ದೆ ಹೋಯಿತು. ಆಮೇಲೆ ಮಂಡಿಯಲ್ಲಿ ಒಬ್ಬ ರೈತನ ಮೂಟೆಯನ್ನು ಬಿಚ್ಚಿ, ವಿಷ ಕಲಸಿದ್ದೀಯೆ ಎಂದು ರಸ್ತೆಗೆ ಸುರಿದುಬಿಟ್ಟರು. ಭಾವ ಅಮರೇಶಪ್ಪನವರು ಎಲ್ಲರ ಎದುರಿಗೆ ಇವರ ಕೆನ್ನೆಗೆ ಹೊಡೆದರು. ಅವತ್ತಿನಿಂದ ಇವರು ಅಂಗಡಿಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದರು. ಗೋರಂಟ್ಲದ ಕಡೆಯಿಂದ ದೆವ್ವ ಬಿಡಿಸುವವನನ್ನು ಭಾವನವರು ಕರೆಸಿದರು. ಹಿತ್ತಲಲ್ಲಿ ಕೂರಿಸಿ ಬೇವಿನ ಬರಲಿನಿಂದ ಹೊಡೆದ. ಇವರು ಅಳಲಿಲ್ಲ, ಕೂಗಲಿಲ್ಲ. ನನ್ನ ಕಡೆ ನೋಡಿ, "ನೀನೂ ಇವ್ರನ್ನ ಕರ್ಸಿದ್ಯಾ ಸರ್ವೀ?" ಎಂದರು. ಬೆನ್ನಿನ ಬಾಸುಂಡೆ ಮಾಯ್ದಿದೆ. ಆ ಮಾತು ನನ್ನಲ್ಲಿ ಮಾಯ್ದಿಲ್ಲ.

ಮರುದಿನ ನಾನು ಸಂಘದ ಮೆಟ್ಟಿಲು ಹತ್ತಿದೆ. ಅಲ್ಲಿಯವರೆಗೆ ಎಲ್ಲರೂ ನನ್ನನ್ನು ಕೇಳಿದ್ದು, ಯಾರ ಕಣ್ಣು ಬಿತ್ತು, ಯಾವ ಪಾಪಕ್ಕೆ ಹೀಗಾಯಿತು, ಇಂಥದ್ದೇ. ಶಿವಲಕ್ಷ್ಮಮ್ಮನವರು ಮೊದಲು ಕೇಳಿದ್ದು, "ಇವತ್ತು ಏನಾದ್ರೂ ತಿಂದ್ರಾ ನಿಮ್ಮ ಯಜಮಾನ್ರು?" ಎಂದು. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಅವರು ಹೇಳಿಕೊಟ್ಟದ್ದು ಇಷ್ಟೇ. ವಿಷ ಇದೆ ಎಂದಾಗ ಇಲ್ಲ ಎಂದು ಜಗಳ ಮಾಡಬೇಡ. ಹೌದು ಎಂದು ತಲೆಯನ್ನೂ ಆಡಿಸಬೇಡ. ನಿಮಗೆ ಹೆದರಿಕೆಯಾಗಿದೆ, ನಾನು ಇಲ್ಲೇ ಇದ್ದೀನಿ ಎನ್ನು. ಇದನ್ನು ಹೇಳುವುದು ಸುಲಭ, ಮಾಡುವುದು ಎಷ್ಟು ಕಷ್ಟ ಎಂದು ನಿಮಗೆ ತಿಳಿಯದು. ಎಷ್ಟೋ ಸಲ ನಾನು ಕಿರುಚಿದ್ದೇನೆ. ನನಗೂ ಹೆದರಿಕೆ ಇಲ್ಲವೆಂದು ತಿಳಿಯಬೇಡಿ. ಮಗುವನ್ನು ಪಕ್ಕದ ಮನೆಯಲ್ಲಿ ಮಲಗಿಸುತ್ತೇನೆ. ಆದರೆ ಇಂದಿನವರೆಗೆ ಇವರು ನಮ್ಮಿಬ್ಬರ ಮೇಲೆ ಕೈ ಎತ್ತಿಲ್ಲ.

ನಿಮಗೆ ಯಾಕೆ ಹೇಳಲಿಲ್ಲ ಎಂದರೆ, ನೀವು ಈಗ ಬರೆದಿರುವುದನ್ನೇ ಬರೆಯುತ್ತೀರಿ ಎಂದು ಗೊತ್ತಿತ್ತು.

ಭ್ರಮರಾಂಬ ಹುಟ್ಟಿದಾಗ ನಾನು ಮಗುವನ್ನು ಮುಟ್ಟದೆ ಕೂತಿದ್ದೆ ಎಂದಿರಿ. ಅದು ನಿಜ. ಮಗುವನ್ನು ಕಂಡರೆ ಬಾವಿಗೆ ಹಾಕಬೇಕು ಅನ್ನಿಸುತ್ತಿತ್ತು ಎಂಬುದು ನಿಮಗೆ ಗೊತ್ತಿಲ್ಲ. ಇವರಿಗೆ ಗೊತ್ತಿತ್ತು, ನಾನೇ ಹೇಳಿದ್ದೆ. ಕಲ್ಯಾಣದುರ್ಗಕ್ಕೆ ಕಳಿಸಿಬಿಡು, ಇನ್ನೊಂದು ಹೆಣ್ಣು ನೋಡೋಣ ಎಂದು ಭಾವನವರು ಅಂದರು. ಆಗ ಈ ಕಾಯಿದೆಯೂ ಇರಲಿಲ್ಲ, ಕಳಿಸಿದ್ದರೆ ಕೇಳುವವರಿರಲಿಲ್ಲ. ಇವರು ಅಂಗಡಿಗೆ ಹೋಗುವುದನ್ನು ಬಿಟ್ಟು, ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನ ಪಕ್ಕದಲ್ಲಿ ಕೂತಿರುತ್ತಿದ್ದರು. "ಮುಟ್ಟಬೇಕು ಅನ್ಸಿದಾಗ ಮುಟ್ಟು, ಅವಸರ ಇಲ್ಲ" ಎನ್ನುತ್ತಿದ್ದರು. ಒಂದು ದಿನ ಮುಟ್ಟಿದೆ.

ಈಗ ಇವರನ್ನು ಬಿಟ್ಟು ಬಾ ಎನ್ನುತ್ತೀರಿ.

ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಜೊತೆಗೆ ಕುಟುಂಬದ ಗಂಡಸು ಒಬ್ಬರಿದ್ದರೆ ಒಳ್ಳೆಯದು ಎಂದಿದ್ದಾರೆ. ಭಾವನವರು ಬರುವುದಿಲ್ಲ. ಮನೆತನದ ಮಾನ ಹೋಗುತ್ತದಂತೆ. ಇವರು ಯಾರ ಜೊತೆಗೂ ಹೊರಡುವುದಿಲ್ಲ, ಯಾರನ್ನೂ ನಂಬುವುದಿಲ್ಲ. ಆದರೆ ನಿಮಗೆ ಕಾಗದ ಬರೆದಿದ್ದಾರೆ ಎಂದರೆ ನನಗೆ ಆಶ್ಚರ್ಯವಾಯಿತು. ಇಡೀ ಪ್ರಪಂಚದಲ್ಲಿ ನಿಮ್ಮೊಬ್ಬರನ್ನು ನಂಬಿದ್ದಾರೆ.

ಬನ್ನಿ ಅಪ್ಪಾ. ನನ್ನನ್ನು ಕರೆದುಕೊಂಡು ಹೋಗುವುದಕ್ಕೆ ಬರಬೇಡಿ.

ಸರ್ವಮಂಗಳ


ಬೆಂಗಳೂರು
17-8-1950

ಹೆಂಡತಿ ದ್ರಾಕ್ಷಾಯಣಿಗೆ,

ಈ ಕಾಗದವನ್ನು ಯಾರ ಹತ್ತಿರವೂ ಓದಿಸಬೇಡ. ನಿಧಾನವಾದರೂ ನೀನೇ ಓದು. ಹಿಂದೂಪುರಕ್ಕೆ ಹೋದದ್ದು ಯಾಕೆಂದು ಹೊರಡುವಾಗ ನಿನಗೆ ಪೂರ್ತಿ ಹೇಳಲಿಲ್ಲ. ಅಳಿಯನಿಗೆ ಮನಸ್ಸಿನ ಕಾಯಿಲೆ. ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದೇವೆ. ಅಳಬೇಡ, ಮುಂದೆ ಓದು.

ನಾನು ಹೋದಾಗ ಮಲ್ಲಿಕಾರ್ಜುನ ನಡುಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಗಡ್ಡ ಬಂದಿತ್ತು, ಅರ್ಧ ಮನುಷ್ಯನಾಗಿದ್ದ. ನನ್ನನ್ನು ಕಂಡು, "ಕಾಗದ ಸುಟ್ರಾ?" ಎಂದ. ಸುಟ್ಟಿಲ್ಲ ಎಂದೆ. "ಯಾಕೆ?" ಎಂದ. "ನೀನು ಸುಡು ಅಂದಿದ್ದು ಯಾಕೆ ಅಂತ ನಂಗೆ ಅನುಮಾನ ಬಂತು" ಎಂದೆ. ಬಾಯಿಗೆ ಬಂದದ್ದನ್ನು ಆಡಿದೆ. ಅವನು ತಲೆದೂಗಿ ಪಕ್ಕಕ್ಕೆ ಸರಿದು ನನಗೆ ಜಾಗ ಕೊಟ್ಟ.

ಬೆಂಗಳೂರಿಗೆ ಯಾಕೆ ಎಂಬುದನ್ನು ಮುಚ್ಚಿಡಬೇಡಿ ಎಂದು ಶಿವಲಕ್ಷ್ಮಮ್ಮ ಹೇಳಿದ್ದಳು. ಸುಳ್ಳು ಹೇಳಿ ಕರೆದೊಯ್ದರೆ ಮುಂದೆ ಎಂದೂ ನಂಬುವುದಿಲ್ಲವಂತೆ. ಆದ್ದರಿಂದ ಡಾಕ್ಟರಿಗೆ ತೋರಿಸಲು ಎಂದೇ ಹೇಳಿದೆ. ಅವನು ಎರಡು ದಿನ ಬರುವುದಿಲ್ಲ ಎಂದ. ಮೂರನೆಯ ದಿನ, ನೀವು ಜೊತೆಗಿರುವುದಾದರೆ ಎಂದ.

ರೈಲಿನಲ್ಲಿ ಕಿಟಕಿಯ ಹತ್ತಿರ ಒಬ್ಬ ಟೋಪಿಯವನು ಕೂತಿದ್ದ. ಮಲ್ಲಿಕಾರ್ಜುನ ನನ್ನ ಕಿವಿಯಲ್ಲಿ, "ಮಾವಾ, ಅವ್ನು ನಮ್ಮ ಹಿಂದೇನೇ ಬತ್ತಾವ್ನೆ" ಎಂದ. ಸಂಘದವರು ಹೇಳಿಕೊಟ್ಟ ಮಾತು ಆ ಗಳಿಗೆಯಲ್ಲಿ ನನಗೆ ನೆನಪಾಗಲಿಲ್ಲ. ನಿಜ ಹೇಳಬೇಕೆಂದರೆ ಆ ಟೋಪಿಯವನು ನಮ್ಮ ಗಂಟನ್ನೇ ನೋಡುತ್ತಿದ್ದ. "ನಂಗೂ ಅಂಗೇ ಅನ್ನಿಸ್ತೈತೆ" ಎಂದುಬಿಟ್ಟೆ. ಸರ್ವಮಂಗಳ ತಲೆಯ ಮೇಲೆ ಕೈ ಇಟ್ಟುಕೊಂಡಳು. ದೊಡ್ಡಬಳ್ಳಾಪುರ ಬಂದಾಗ ಟೋಪಿಯವನು ನಮ್ಮ ಕಡೆ ತಿರುಗಿಯೂ ನೋಡದೆ ಇಳಿದು ಹೋದ. ಮಲ್ಲಿಕಾರ್ಜುನ ಅವನು ಗೇಟು ದಾಟುವವರೆಗೂ ನೋಡಿ, "ನಮ್ಮಿಬ್ಬರಿಗೂ ಸುಳ್ಳಾಯ್ತಲ್ಲ ಮಾವಾ" ಎಂದು ನಕ್ಕ. ಅವನ ನಗು ನೋಡಿ ಎಷ್ಟು ದಿನವಾಗಿತ್ತೋ, ಮಗಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಆಸ್ಪತ್ರೆಯ ಬಾಗಿಲಲ್ಲಿ ಮಾತ್ರ ಅವನ ಕಾಲು ನಿಂತುಹೋಯಿತು. ನನ್ನ ಕೈ ಹಿಡಿದು, "ನೀವೂ ಅವರ ಕಡೇನಾ?" ಎಂದ.

"ನಾನು ಯಾರ ಕಡೇನೂ ಅಲ್ಲ ಕಣಪ್ಪ. ನಂಗೆ ಈ ಡಾಕ್ಟ್ರ ಮ್ಯಾಲೂ ನಂಬ್ಕೆ ಇಲ್ಲ, ಆ ಸಂಘದ ಮ್ಯಾಲೂ ಇಲ್ಲ. ನೀ ಹೇಳೋದ್ರ ಮ್ಯಾಲೂ ಇಲ್ಲ. ಅದ್ಕೇ ಬಿಟ್ಟು ಹೋಗಾಕಿಲ್ಲ. ಇಲ್ಲೇ ಇದ್ದು ಎಲ್ಲಾನೂ ನೋಡ್ತೀನಿ" ಎಂದೆ.

ಅವನು ಹಿಡಿದ ಕೈ ಬಿಡದೆ ಒಳಗೆ ಬಂದ.

ಕಾಯಿಲೆ ಇಳಿಸಲು ತಲೆಗೆ ಕರೆಂಟು ಕೊಡುತ್ತಾರಂತೆ. ಅದರಿಂದ ಜೀವಕ್ಕೆ ಅಪಾಯವಿಲ್ಲವೇ ಎಂದು ಡಾಕ್ಟರನ್ನು ದಿನವೂ ಬಾಗಿಲಲ್ಲಿ ಅಡ್ಡಹಾಕಿ ಕೇಳುತ್ತೇನೆ. ಅವರು ನನ್ನನ್ನು ಕಂಡರೆ ಬೇರೆ ಬಾಗಿಲಿಂದ ಹೋಗುತ್ತಾರೆ ಎಂದು ನನ್ನ ಅನುಮಾನ. ನಾನೂ ಸರ್ವಮಂಗಳೆಯೂ ಮಗುವೂ ಹತ್ತಿರದ ಛತ್ರದಲ್ಲಿ ಇದ್ದೇವೆ. ಅಂಗಡಿಯನ್ನು ನೀನೇ ನೋಡಿಕೊ. ಓಬುಳಪತಿ ಬಂದು ಕೇಳಿದರೆ, ಬೆಂಗಳೂರಿಗೆ ಹೋಗಿದ್ದಾರೆ ಎಂದಷ್ಟೇ ಹೇಳು.

ನಿನ್ನ,
ತಿಪ್ಪೇರುದ್ರಪ್ಪ


ಹಿಂದೂಪುರ
2-12-1950

ಅವ್ವನಿಗೆ ಸರ್ವಮಂಗಳೆಯ ನಮಸ್ಕಾರ.

ಅಪ್ಪ ನಾಡಿದ್ದು ಇಲ್ಲಿಂದ ಹೊರಡುತ್ತಾರೆ. ಅವರು ನಿನಗೆ ಹೇಳುವುದಿಲ್ಲ, ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಇವರು ಮನೆಗೆ ಬಂದು ಒಂದು ತಿಂಗಳ ಮೇಲಾಯಿತು. ನಿದ್ದೆ ಬಂದಿದೆ. ಮೈ ತುಂಬಿಕೊಂಡಿದೆ. ಬಾವಿಯ ಬೀಗ ತೆಗೆದಿದ್ದಾರೆ. ಕೆಲವು ವಿಷಯ ಮರೆತುಹೋಗಿವೆ, ಕೆಲವು ದಿನ ಮಂಕಾಗಿ ಕೂರುತ್ತಾರೆ. ನಾನು ತಟ್ಟೆ ಇಟ್ಟಾಗ ಈಗಲೂ ಒಂದು ಕ್ಷಣ ಕೈ ತಡೆಯುತ್ತಾರೆ. ಆಮೇಲೆ ಉಣ್ಣುತ್ತಾರೆ. ಆ ಒಂದು ಕ್ಷಣಕ್ಕೆ ನಾನು ಇನ್ನೂ ಹೊಂದಿಕೊಂಡಿಲ್ಲ.

ಆದರೆ ಭಾವನವರು ಇವರನ್ನು ಮಂಡಿಗೆ ಸೇರಿಸಲಿಲ್ಲ. ಆಸ್ಪತ್ರೆಯಲ್ಲಿ ಇದ್ದು ಬಂದವನು ಗಲ್ಲಾದ ಹತ್ತಿರ ಕೂತರೆ ರೈತರು ಮೂಟೆ ಇಳಿಸುವುದಿಲ್ಲ ಎಂದರು. ಅದು ಪೂರ್ತಿ ಸುಳ್ಳೂ ಅಲ್ಲ. ಇವರು ಬೀದಿಗೆ ಹೋದರೆ ಹೆಂಗಸರು ಮಕ್ಕಳನ್ನು ಒಳಗೆ ಕರೆಯುತ್ತಿದ್ದರು. ಅದನ್ನು ಇವರ ಕಾಯಿಲೆ ಕಲ್ಪಿಸಿದ್ದಲ್ಲ, ನಾನೇ ಕಣ್ಣಾರೆ ಕಂಡೆ. ಇಷ್ಟು ಕಷ್ಟಪಟ್ಟು ಮನಸ್ಸಿನಿಂದ ಕಿತ್ತು ತೆಗೆದದ್ದನ್ನು ಬೀದಿ ಮತ್ತೆ ತುಂಬುತ್ತಿತ್ತು.

ಶಿವಲಕ್ಷ್ಮಮ್ಮನವರಿಗೆ ಹೇಳಿದೆ. ಅವರು, "ಹಂಗಾದ್ರೆ ಸಭೆ ಮಂಡೀಲೇ ಮಾಡಾನ" ಎಂದರು. ಹೆಸರು ಹೇಳುವುದಿಲ್ಲ, ಸಾಮಾನ್ಯವಾಗಿ ಮಾತಾಡುತ್ತೇವೆ ಎಂದರು. ಇವರನ್ನು ಕೇಳಿದ್ದಕ್ಕೆ, "ಹೆಸರು ಹೇಳದಿದ್ರೂ ಎಲ್ರಿಗೂ ಗೊತ್ತು. ಹೇಳೋದೇ ವಾಸಿ. ಮಾವ ಹೇಳ್ಲಿ" ಎಂದರು.

ನಿನ್ನೆ ಸಂಜೆ ಮಂಡಿಯ ಮುಂದಿನ ಬಯಲಲ್ಲಿ ಸಭೆ ಆಯಿತು. ಅಪ್ಪ ಎದ್ದು ನಿಂತರು. ಮಾತು ಚೆನ್ನಾಗಿತ್ತು ಎನ್ನಲಾರೆ. ಮೊದಲು ಎಲ್ಲರನ್ನೂ ಬೈದರು. "ನನ್ನ ಅಳಿಯಂಗೆ ಕಾಯಿಲೆ ಬಂದಿತ್ತು. ಹೌದು, ತಲೇದೇ ಕಾಯಿಲೆ. ಆಸ್ಪತ್ರೇಲಿ ಇದ್ದ. ನಾನೂ ಬಾಗಿಲು ಕಾದೆ. ಯಾರಿಗೆ ಏನ್ ಕೇಳಬೇಕೋ ನನ್ನ ಕೇಳಿ. ಅವ್ನ ಹಿಂದೆ ಪಿಸುಗುಟ್ಟಬ್ಯಾಡಿ" ಎಂದರು. ಅರ್ಧ ಜನ ಎದ್ದು ಹೋದರು. ಉಳಿದವರಲ್ಲಿ ಒಬ್ಬ ಹಮಾಲ, "ಮಳ್ಳೀ ವಸ್ತುಂದಾ?" ಎಂದು ಕೂಗಿದ. ಮತ್ತೆ ಬರುತ್ತದೆಯಾ ಎಂದು.

"ಬರಬೌದು" ಎಂದರು ಅಪ್ಪ. "ನಿಂಗೆ ಚಳಿಜ್ವರ ಒಂದ್ಸಲ ಬಂದು ಹೋದ್ರೆ ಮತ್ತೆ ಬರಾಕಿಲ್ವಾ? ಬಂದ್ರೆ ನಿಂಗೆ ಮೂಟೆ ಹೊರಾಕೆ ಬ್ಯಾಡ ಅಂತೀವಾ?"

ಇವರು ಅಷ್ಟು ಹೊತ್ತೂ ನನ್ನ ಪಕ್ಕದಲ್ಲಿ ನಿಂತಿದ್ದರು. ಆ ಕೂಗು ಕೇಳಿದಾಗಲೂ ಹೋಗಲಿಲ್ಲ. ಭಾವನವರು ತಮ್ಮ ಅಂಗಡಿಯಲ್ಲಿ ನಮ್ಮ ಕಡೆ ಬೆನ್ನು ಮಾಡಿ ಕೂತಿದ್ದರು. ಇವತ್ತು ಬೆಳಿಗ್ಗೆ ಹೇಳಿ ಕಳಿಸಿದ್ದಾರೆ, ಮೂಲೆಯ ಚಿಕ್ಕ ಮಳಿಗೆಯನ್ನು ತಮ್ಮನಿಗೆ ಬಿಟ್ಟುಕೊಡುತ್ತಾರಂತೆ. ಮನಸ್ಸು ಕರಗಿ ಕೊಟ್ಟರೋ, ದೊಡ್ಡ ಅಂಗಡಿಯಿಂದ ದೂರ ಇಡಲು ಕೊಟ್ಟರೋ ನನಗೆ ತಿಳಿಯದು. ಎರಡನೆಯದೇ ಎಂದು ಅಪ್ಪ ಹೇಳುತ್ತಾರೆ. ಹೇಗಾದರೂ ಆಗಲಿ, ತೆಗೆದುಕೊಳ್ಳೋಣ ಎಂದು ನಾನು ಹೇಳಿದೆ.

ಸಭೆ ಮುಗಿದ ಮೇಲೆ ಒಬ್ಬ ಹೆಂಗಸು ನನ್ನ ಸೆರಗು ಹಿಡಿದು ಪಕ್ಕಕ್ಕೆ ಕರೆದಳು. ಚಿಲಮತ್ತೂರಿನವಳಂತೆ. "ಆ ಮಹಡಿಗೆ ಯಾವತ್ತು ಬಂದ್ರೆ ನೀವಿರ್ತೀರಿ?" ಎಂದು ಕೇಳಿದಳು. ಯಾರಿಗಾಗಿ ಎಂದು ನಾನು ಕೇಳಲಿಲ್ಲ. ಗುರುವಾರ ಎಂದೆ.

ನಿನ್ನ ಮಗಳು,
ಸರ್ವಮಂಗಳ


ಹಿಂದೂಪುರ
10-1-1951

ಮಾವನವರಿಗೆ ಮಲ್ಲಿಕಾರ್ಜುನಪ್ಪನ ನಮಸ್ಕಾರಗಳು.

ಈ ಕಾಗದವನ್ನು ನಮ್ಮ ಬೀದಿಯ ಡಬ್ಬಿಗೇ ಹಾಕುತ್ತೇನೆ. ತಲುಪಿದರೆ ತಿಳಿಸಿ.

ಇಲ್ಲಿ ನಾವು ಮೂವರೂ ಕ್ಷೇಮ. ಹೀಗೆಂದು ಬರೆದು ಮತ್ತೊಮ್ಮೆ ಓದಿದೆ. ನೀವು ನಂಬುವುದಿಲ್ಲ, ಆದ್ದರಿಂದ ಸರಿಯಾಗಿಯೇ ಬರೆಯುತ್ತೇನೆ. ಮಗು ಕ್ಷೇಮ. ನಿಮ್ಮ ಮಗಳು ಬಹಳ ದಣಿದಿದ್ದಾಳೆ, ಹೇಳಿಕೊಳ್ಳುವುದಿಲ್ಲ. ನನಗೆ ಹೆಚ್ಚು ದಿನ ಚೆನ್ನಾಗಿರುತ್ತದೆ. ಕೆಲವು ದಿನ ಯಾರೋ ಕೆಮ್ಮಿದರೆ ಮತ್ತೆ ಅನುಮಾನ ಬರುತ್ತದೆ. ಆಗ ಒಳಗೆ ಹೋಗಿ, "ಸರ್ವೀ, ಈಗ ಕೆಮ್ಮಿದ್ದು ನನಗೇನಾ?" ಎಂದು ಕೇಳುತ್ತೇನೆ. "ನಂಗೆ ಹಂಗನ್ನಿಸ್ಲಿಲ್ಲ" ಎನ್ನುತ್ತಾಳೆ. ಕೆಲವು ಸಲ ಅವಳ ಮಾತು ನಂಬುತ್ತೇನೆ. ನಂಬಲಾಗದ ದಿನ ನಂಬಲಾಗುತ್ತಿಲ್ಲ ಎಂದು ಹೇಳುತ್ತೇನೆ. ಮೊದಲು ಹೇಳುತ್ತಿರಲಿಲ್ಲ.

ಸೋಮವಾರ ಮೂಲೆಯ ಮಳಿಗೆ ತೆಗೆಯುತ್ತೇನೆ. ಅಣ್ಣ ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ನೀವು ಬನ್ನಿ, ಅತ್ತೆಯವರನ್ನೂ ಕರೆದುಕೊಂಡು ಬನ್ನಿ. ಆದರೆ ಬೀಜದ ವ್ಯಾಪಾರಕ್ಕೆ ಬಂದಿದ್ದೆ, ಹಾಗೇ ನೋಡಿ ಹೋಗೋಣವೆಂದು ಬಂದೆ ಎನ್ನಬೇಡಿ. ನಿನ್ನನ್ನು ನೋಡುವುದಕ್ಕೇ ಬಂದೆ ಎಂದು ಹೇಳಿ.

ಸುಳ್ಳು ಹೇಳಿದರೆ ನನಗೆ ಈಗಲೂ ಬೇಗ ತಿಳಿದುಬಿಡುತ್ತದೆ.

ನಿಮ್ಮ,
ಮಲ್ಲಿಕಾರ್ಜುನ